ಸರ್ಕಾರಿ ಕಾಡು, ಗುತ್ತಿಗೆ ಗೇಟು: ಹೈವೇ 395ರ ಗುಂಟ

ಕ್ಯಾಲಿಫೋರ್ನಿಯಾದಲ್ಲಿ ಟೆಂಟ್ ಹಾಕಬೇಕು ಅಂದರೆ ಮೊದಲು ಅಲಾರಂ ಇಡಬೇಕು. ಒಳ್ಳೆಯ ಕ್ಯಾಂಪ್‌ಗ್ರೌಂಡ್‌ಗಳ ಬುಕಿಂಗ್ ಆರು ತಿಂಗಳ ಮುಂಚೆ, ಬೆಳಿಗ್ಗೆ 7 ಗಂಟೆಗೆ ಸರಿಯಾಗಿ ತೆರೆಯುತ್ತದೆ. 7 ಗಂಟೆ 2 ನಿಮಿಷಕ್ಕೆಲ್ಲಾ ಖಾಲಿ. ನಮ್ಮ ಮನೆಯಲ್ಲಿ ಈ ಕೆಲಸ ಹೆಂಡತಿಯದ್ದು. ಅವಳ ಬೆರಳು ನನಗಿಂತ ಚುರುಕು.

ಈ ಸಲ ನಮ್ಮ ಜೊತೆ ಮಾವನೂ ಇದ್ದರು. ಶಿವಮೊಗ್ಗದಲ್ಲಿ ಪಿಡಬ್ಲ್ಯುಡಿ ಎಂಜಿನಿಯರ್ ಆಗಿ ನಿವೃತ್ತರಾದವರು. ವಿಸಿಟರ್ ವೀಸಾದಲ್ಲಿ ಬಂದು ಫ್ರೀಮಾಂಟ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೇಜಾರಾಗಿ ಕೂತಿದ್ದರು. ಸೆಪ್ಟೆಂಬರ್‌ನಲ್ಲಿ ಲೇಬರ್ ಡೇ ರಜೆ ಮುಗಿದ ಮೇಲೆ ಜನ ಕಮ್ಮಿ. ಸಿಯೆರಾ ನೆವಾಡ ಬೆಟ್ಟಗಳ ಪೂರ್ವದ ಮಗ್ಗುಲಲ್ಲಿ ಹೈವೇ 395 ಹಿಡಿದು ಹೋಗಿ ಬರೋಣ ಅಂತ ಹೊರಟೆವು.

ಮೊದಲ ದಿನ: ಟಯೋಗಾ ಪಾಸ್ ದಾಟಿ ಜೂನ್ ಲೇಕ್

ಬೆಳಿಗ್ಗೆ ನಾಲ್ಕೂವರೆಗೆ ಬಿಟ್ಟು ಯೊಸೆಮಿಟಿ ನ್ಯಾಷನಲ್ ಪಾರ್ಕ್ ಒಳಗಿನಿಂದಲೇ ಹಾದುಹೋದೆವು. ಗೇಟಿನಲ್ಲಿ, ಕೇಂದ್ರ ಸರ್ಕಾರದ ಪಾರ್ಕು-ಕಾಡುಗಳಿಗೆಂದೇ ಇರುವ 80 ಡಾಲರ್‌ನ ವಾರ್ಷಿಕ ಪಾಸ್ ತೋರಿಸಿದೆವು, ಕಾರಿನಲ್ಲಿ ಇದ್ದವರೆಲ್ಲಾ ಒಳಗೆ.

ಯೊಸೆಮಿಟಿ ಅಂದಾಗೆಲ್ಲಾ ನನಗೆ ಅಲ್ಲಿನ ಹೋಟೆಲ್ ಕತೆ ನೆನಪಾಗುತ್ತೆ. ಮಾವನಿಗೂ ಹೇಳಿದೆ. ಪಾರ್ಕ್ ಒಳಗಿನ ಹೋಟೆಲ್‌ಗಳನ್ನು ನಡೆಸೋದು ಖಾಸಗಿ ಕಂಪನಿ. 2015ರಲ್ಲಿ ಆ ಗುತ್ತಿಗೆ ಡೆಲಾವೇರ್ ನಾರ್ತ್ ಕೈತಪ್ಪಿ ಅರಾಮಾರ್ಕ್‌ಗೆ ಹೋಯಿತು. ಹೋಗುವ ಕಂಪನಿ, 'ಅವಾನಿ' ಥರದ ಹೆಸರುಗಳ ಟ್ರೇಡ್‌ಮಾರ್ಕ್ ನಮ್ಮದು, ಅದಕ್ಕೂ ದುಡ್ಡು ಕೊಡಿ ಅಂದಿತು. 1927ರಿಂದ ಇದ್ದ ಅವಾನಿ ಹೋಟೆಲ್‌ನ ಬೋರ್ಡನ್ನು 2016ರಲ್ಲಿ ಇಳಿಸಿ 'ಮೆಜೆಸ್ಟಿಕ್ ಯೊಸೆಮಿಟಿ ಹೋಟೆಲ್' ಅಂತ ಬರೆಸಬೇಕಾಯಿತು. 2019ರಲ್ಲಿ 1.2 ಕೋಟಿ ಡಾಲರ್‌ಗೆ ರಾಜಿಯಾದ ಮೇಲೇ ಹಳೆಯ ಹೆಸರು ವಾಪಸ್ ಬಂದದ್ದು.

"ಕರಾರಿನಲ್ಲಿ ಬರೆದಿರಲಿಲ್ವೇನ್ರೀ?" ಅಂದರು ಮಾವ. ಮುಂದಿನ ದಿನಗಳಲ್ಲಿ ಈ ಪ್ರಶ್ನೆಯನ್ನು ಇನ್ನೂ ಹಲವು ಸಲ ಕೇಳಲಿದ್ದರು.

ಟಯೋಗಾ ಪಾಸ್ ಅನ್ನುವ ಘಾಟಿ 9,900 ಅಡಿಗೂ ಜಾಸ್ತಿ ಎತ್ತರ. ಅಲ್ಲಿಂದ ಲೀ ವೈನಿಂಗ್ ಊರಿಗೆ ಇಳಿಯುವಾಗ ಮಾವ ಕಾರಿನ ಬಾಗಿಲ ಹಿಡಿ ಬಿಡಲಿಲ್ಲ. ಕೆಳಗೆ ಮೋನೊ ಲೇಕ್, ನೀರು ಸಮುದ್ರಕ್ಕಿಂತ ಉಪ್ಪು. 1941ರಿಂದ ಲಾಸ್ ಏಂಜಲೀಸ್ ನಗರ ಈ ಕೆರೆಗೆ ಬರುವ ಹೊಳೆಗಳನ್ನು ತಿರುಗಿಸಿಕೊಂಡಿತು. ನೀರು ಇಳಿದಂತೆ ತಳದಲ್ಲಿದ್ದ ಸುಣ್ಣದ ಗೋಪುರಗಳು ಹೊರಗೆ ಬಂದವು. ಇವತ್ತು ಎಲ್ಲರೂ ಫೋಟೋ ತೆಗೆಯೋದು ಅವನ್ನೇ. ಸೌತ್ ಟೂಫಾ ಅನ್ನುವ ಜಾಗದಲ್ಲಿ ತಲೆಗೆ 3 ಡಾಲರ್. ಅಲ್ಲೂ ನಮ್ಮ ಪಾಸ್ ನಡೆಯಿತು.

ಸಂಜೆ ಜೂನ್ ಲೇಕ್ ಹತ್ತಿರದ ಕ್ಯಾಂಪ್‌ಗ್ರೌಂಡ್ ಸೇರಿದೆವು. ಇದು ಇನ್ಯೋ ನ್ಯಾಷನಲ್ ಫಾರೆಸ್ಟ್, ಸುಮಾರು 20 ಲಕ್ಷ ಎಕರೆ. ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಪಾರ್ಕ್‌ಗಳು ಇಂಟೀರಿಯರ್ ಎಂಬ ಇಲಾಖೆಯ ಕೈಯಲ್ಲಿವೆ, ಫಾರೆಸ್ಟ್‌ಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವೀಸ್ ಕೃಷಿ ಇಲಾಖೆಗೆ ಸೇರಿದ್ದು.

ಗಾಲ್ಫ್ ಕಾರ್ಟ್ ಓಡಿಸಿಕೊಂಡು ಎಪ್ಪತ್ತರ ಆಸುಪಾಸಿನ ಅಜ್ಜಿ ಬಂದರು. ಕ್ಯಾಂಪ್ ಹೋಸ್ಟ್, ಅಂದರೆ ಅಲ್ಲೇ ಉಳಿದು ಕ್ಯಾಂಪ್‌ಗ್ರೌಂಡ್ ನೋಡಿಕೊಳ್ಳುವವರು. ನಮ್ಮ ಹೆಸರು, ಕಾರ್ ನಂಬರ್ ನೋಡಿ, ಕಂಬದ ಕ್ಲಿಪ್ಪಿಗೆ ಒಂದು ಚೀಟಿ ಸಿಕ್ಕಿಸಿ, "ಇನ್ನೊಂದು ಗಾಡಿ ಬಂದರೆ ಬೇರೆ ಚಾರ್ಜು, ಸೌದೆ ಬೇಕಿದ್ದರೆ ನನ್ನ ಹತ್ತಿರವೇ ಇದೆ, ಊಟದ ಸಾಮಾನು ಒಂದೂ ಹೊರಗೆ ಇಡಬೇಡಿ, ಕರಡಿ ಬರುತ್ತೆ" ಅಂದರು. ಮಾವನ ಕಣ್ಣು ಅವರ ಟೀ ಶರ್ಟ್ ಮೇಲಿತ್ತು.

"ಇದು ಅರಣ್ಯ ಇಲಾಖೆ ಜಾಗ ಅಲ್ವಾ? ಈಯಮ್ಮನ ಅಂಗಿ ಮೇಲೆ ಯಾವುದೋ ಕಂಪನಿ ಹೆಸರಿದೆಯಲ್ಲ?"

ಅಲ್ಲಿಂದ ಶುರುವಾಯಿತು. ಮಾವ ಕನ್ನಡದಲ್ಲಿ ಕೇಳೋದು, ನಾನು ಇಂಗ್ಲಿಷಿಗೆ ತಿರುಗಿಸೋದು, ಅಜ್ಜಿ ನಗುತ್ತಾ ಉತ್ತರಿಸೋದು. ಜಾಗ ಸರ್ಕಾರದ್ದು. ಕಟ್ಟಡ, ಬೆಂಚು, ನಲ್ಲಿ ಕೂಡ ಸರ್ಕಾರದ್ದೇ. ನಡೆಸೋದು ಮಾತ್ರ ಕಂಪನಿ. ಸರ್ಕಾರ ಕಂಪನಿಗೆ ದುಡ್ಡು ಕೊಡಲ್ಲ. ಟೆಂಟ್ ಹಾಕುವವರಿಂದ ಬಂದ ಬಾಡಿಗೆಯಲ್ಲಿ ಕಂಪನಿ ತನ್ನ ಖರ್ಚು, ಲಾಭ ತೆಗೆದುಕೊಂಡು, ಇಂತಿಷ್ಟು ಪಾಲು ಅಂತ ಸರ್ಕಾರಕ್ಕೆ ಕಟ್ಟುತ್ತದೆ. 1950ರ ಗ್ರೇಂಜರ್-ತೈ ಕಾಯ್ದೆ ಪ್ರಕಾರ ಆ ಪಾಲನ್ನು ಅದೇ ಕ್ಯಾಂಪ್‌ಗ್ರೌಂಡಿನ ರಿಪೇರಿಗೆ ಹಾಕಿ ಲೆಕ್ಕ ತೋರಿಸಬಹುದು. ಗುತ್ತಿಗೆ ಸಾಮಾನ್ಯವಾಗಿ ಐದು ವರ್ಷಕ್ಕೆ, ಕೆಲಸ ಚೆನ್ನಾಗಿದ್ದರೆ ಇನ್ನೊಂದು ಐದು. ಬಾಡಿಗೆ ಏರಿಸಬೇಕಾದರೆ ಫಾರೆಸ್ಟ್ ಸರ್ವೀಸ್ ಒಪ್ಪಬೇಕು.

"ಸಂತೆ ಸುಂಕ ಹರಾಜು ಹಾಕಿದ ಹಾಗೆ," ಅಂದರು ಮಾವ. ನಾನು ಇಷ್ಟು ವರ್ಷ ಇಲ್ಲಿದ್ದರೂ ಇಷ್ಟು ಚೊಕ್ಕಟವಾಗಿ ಯಾರಿಗೂ ವಿವರಿಸಿಲ್ಲ.

ಸರ್ಕಾರವೇ ಯಾಕೆ ನಡೆಸಲ್ಲ ಅನ್ನೋದು ಮುಂದಿನ ಪ್ರಶ್ನೆ. ಉತ್ತರ ಬೆಂಕಿಯಲ್ಲಿದೆ. 1995ರಲ್ಲಿ ಫಾರೆಸ್ಟ್ ಸರ್ವೀಸ್ ಬಜೆಟ್‌ನಲ್ಲಿ ಕಾಡ್ಗಿಚ್ಚಿನ ಪಾಲು ಶೇ. 16 ಇತ್ತು. 2015ಕ್ಕೆ ಅರ್ಧ ದಾಟಿತು. ಕಾಡಿನ ದಾರಿ, ಕಕ್ಕಸು, ಬೆಂಚುಗಳಿಗೆ ಉಳಿಯುವುದು ಅಷ್ಟಕ್ಕಷ್ಟೆ. 80ರ ದಶಕದಿಂದಲೇ ಒಂದೊಂದಾಗಿ ಕ್ಯಾಂಪ್‌ಗ್ರೌಂಡ್‌ಗಳು ಗುತ್ತಿಗೆಗೆ ಹೋಗುತ್ತಾ ಬಂದಿವೆ.

ಹೋಸ್ಟ್ ಅಜ್ಜಿ ಮತ್ತು ಅವರ ಗಂಡ ಆರ್‌ವಿ ಅನ್ನುವ ಮನೆಗಾಡಿಯಲ್ಲೇ ವಾಸ. ಮನೆ ಮಾರಿಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಇಲ್ಲಿ, ಚಳಿಗಾಲದಲ್ಲಿ ಅರಿಜೋನಾ. ಗಾಡಿ ನಿಲ್ಲಿಸಲು ಜಾಗ ಪುಕ್ಕಟೆ, ಮೇಲೆ ಗಂಟೆ ಲೆಕ್ಕದ ಕೂಲಿ. ಅಮೆರಿಕದಲ್ಲಿ ಇಂಥ ನಿವೃತ್ತರು ಬಹಳ ಜನ ಇದ್ದಾರೆ, ಈ ಕ್ಯಾಂಪ್‌ಗ್ರೌಂಡ್‌ಗಳು ನಡೆಯುತ್ತಿರುವುದೇ ಅವರಿಂದ. 2013ರ ಅಕ್ಟೋಬರ್‌ನಲ್ಲಿ ಬಜೆಟ್‌ಗೆ ಒಪ್ಪಿಗೆ ಸಿಗದೆ ಸರ್ಕಾರ ಶಟ್‌ಡೌನ್ ಆದಾಗ ಸರ್ಕಾರದ ಒಂದು ಕಾಸೂ ಬೇಕಿಲ್ಲದ ಈ ಗುತ್ತಿಗೆ ಕ್ಯಾಂಪ್‌ಗ್ರೌಂಡ್‌ಗಳನ್ನೂ ಮುಚ್ಚಿ ಅಂತ ಆದೇಶ ಬಂದಿತ್ತಂತೆ. "ನಾವೇ ಜನರನ್ನ ಎಬ್ಬಿಸಿ ಕಳಿಸಬೇಕಾಯ್ತು," ಅಂದರು ಅಜ್ಜಿ. ಅವರಿಗೆ ಆ ಸಿಟ್ಟು ಇನ್ನೂ ಹೋಗಿಲ್ಲ.

ಮಾವನಿಗೆ ಬಹಳ ಹಿಡಿಸಿದ್ದು ಎರಡು ವಸ್ತು. ಒಂದು ಕರಡಿ ಪೆಟ್ಟಿಗೆ. ದಪ್ಪ ಕಬ್ಬಿಣದ್ದು, ಚಿಲಕ ಒಂದು ಗೂಡಿನೊಳಗೆ ಅಡಗಿದೆ. ಬೆರಳು ತೂರಿಸಿ ಮೇಲಕ್ಕೆ ಎತ್ತಿದರೇ ತೆರೆಯೋದು, ಕರಡಿ ಪಂಜ ಅದರೊಳಗೆ ಹಿಡಿಸಲ್ಲ. ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ, ಕೊನೆಗೆ ಟೂತ್‌ಪೇಸ್ಟ್ ಕೂಡ ಅದರಲ್ಲೇ. ಇನ್ನೊಂದು, ಕಕ್ಕಸು. ನೀರಿಲ್ಲದ ಗುಂಡಿ ಕಕ್ಕಸು, ಆದರೆ ಒಳಗೆ ವಾಸನೆ ಇಲ್ಲ. ಹೊರಗೆ ಹೋಗಿ ಮೂರು ಸುತ್ತು ಹೊಡೆದು ಕಾರಣ ಕಂಡುಹಿಡಿದು ಬಂದರು. ಬಿಸಿಲು ಬೀಳುವ ಕಡೆ ಕಪ್ಪು ಬಣ್ಣದ ದಪ್ಪ ಪೈಪು. ಅದು ಕಾದು ಒಳಗಿನ ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ. ಈ ವಿನ್ಯಾಸ ಫಾರೆಸ್ಟ್ ಸರ್ವೀಸ್‌ನ ಎಂಜಿನಿಯರ್‌ಗಳದ್ದೇ ಅಂತ ಹೇಳಿದಾಗ ಅವರ ಮುಖ ನೋಡಬೇಕಿತ್ತು. "ನೋಡಿದ್ರಾ ಅಳಿಯಂದ್ರೆ, ಸರ್ಕಾರಿ ಎಂಜಿನಿಯರ್ ಮಾಡಿದ್ದು!"

ಪಕ್ಕದ ಸೈಟಿನ ಮುದುಕರು ಅರ್ಧ ಬಾಡಿಗೆ ಕಟ್ಟಿದ್ದರು. 62 ದಾಟಿದವರಿಗೆ ಸೀನಿಯರ್ ಪಾಸ್ ಇದೆ. 80 ಡಾಲರ್ ಕೊಟ್ಟರೆ ಜೀವನಪೂರ್ತಿ, 2017ರವರೆಗೆ ಬರೀ 10 ಡಾಲರ್ ಇತ್ತು. ಗುತ್ತಿಗೆ ಕ್ಯಾಂಪ್‌ಗ್ರೌಂಡಿನಲ್ಲೂ ಟೆಂಟ್ ಬಾಡಿಗೆ ಅರ್ಧ. ಈ ರಿಯಾಯಿತಿಯನ್ನು ಗುತ್ತಿಗೆ ಜಾಗಗಳಲ್ಲಿ ಶೇ. 10ಕ್ಕೆ ಇಳಿಸಲು 2009ರ ಕೊನೆಯಲ್ಲಿ ಫಾರೆಸ್ಟ್ ಸರ್ವೀಸ್ ಹೊರಟಿತ್ತು. ಹಿರಿಯರು ಗಲಾಟೆ ಮಾಡಿದರು, 2010ರಲ್ಲಿ ಪ್ರಸ್ತಾಪ ಕೈಬಿಟ್ಟರು. "ನನಗೂ ಕೊಡಿಸಿ ಮತ್ತೆ, ಕೆಎಸ್‌ಆರ್‌ಟಿಸಿಯಲ್ಲೇ ಕಾಲು ಭಾಗ ಬಿಡ್ತಾರೆ," ಅಂದರು ಮಾವ. ಅದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡಿನವರಿಗೆ ಮಾತ್ರ ಅಂತ ತಿಳಿಸಿ ಅನ್ನ ಸಾರು ಬಡಿಸಿದೆವು.

ಮಲಗುವ ಮುಂಚೆ ಒಂದು ಸುತ್ತು ಹೋದೆವು. ಅನೇಕ ಸೈಟುಗಳು ಖಾಲಿ. ಆದರೆ ಕಂಬದ ಮೇಲೆ 'ರಿಸರ್ವ್ಡ್' ಚೀಟಿ. ಆರು ತಿಂಗಳ ಹಿಂದೆ ಬುಕ್ ಮಾಡಿದವರು ಬಂದೇ ಇಲ್ಲ. ಹೆಂಡತಿ ಪ್ರತಿ ಚೀಟಿಯ ಮುಂದೆ ನಿಂತು ಒಂದೊಂದು ಬೈಗುಳ ಬೈದಳು.

ಎರಡನೆಯ ದಿನ: ಮ್ಯಾಮತ್, ಪುಕ್ಕಟೆ ಜಾಗ

ಹಗಲೆಲ್ಲಾ ಮ್ಯಾಮತ್ ಲೇಕ್ಸ್ ಸುತ್ತಮುತ್ತ. ಊರು ಚಂದ, ಬೆಲೆ ದುಬಾರಿ. ಹಾಟ್ ಕ್ರೀಕ್ ಎಂಬಲ್ಲಿ ಹೊಳೆಯ ನಡುವೆಯೇ ಕುದಿನೀರಿನ ಬುಗ್ಗೆಗಳು. ಇದು ಸುಮಾರು 7,60,000 ವರ್ಷದ ಹಿಂದೆ ಸ್ಫೋಟಿಸಿದ ದೊಡ್ಡ ಜ್ವಾಲಾಮುಖಿಯ ಬಾಣಲೆ, ಕೆಳಗೆ ಕಾವು ಇನ್ನೂ ಇದೆ. ಮುಂಚೆ ಜನ ಇಲ್ಲಿ ಈಜುತ್ತಿದ್ದರು, ಬುಗ್ಗೆಗಳ ಹಾರಾಟ ಜಾಸ್ತಿಯಾದ ಮೇಲೆ 2006ರಿಂದ ನೀರಿಗಿಳಿಯುವಂತಿಲ್ಲ. ಗೇಟಿಲ್ಲ, ಫೀ ಇಲ್ಲ.

ರಾತ್ರಿಗೆ ಬುಕಿಂಗ್ ಇರಲಿಲ್ಲ, ಬೇಕೂ ಇರಲಿಲ್ಲ. ನ್ಯಾಷನಲ್ ಫಾರೆಸ್ಟಿನ ಹೆಚ್ಚಿನ ಭಾಗದಲ್ಲಿ ಯಾವುದೋ ಮಣ್ಣು ರಸ್ತೆ ಹಿಡಿದು ಹೋಗಿ, ಮೊದಲೇ ಯಾರೋ ಉಳಿದ ಗುರುತಿರುವ ಜಾಗದಲ್ಲಿ ಟೆಂಟ್ ಹಾಕಬಹುದು. ದುಡ್ಡಿಲ್ಲ, 14 ದಿನದವರೆಗೆ ಯಾರೂ ಏನೂ ಕೇಳಲ್ಲ. ಗ್ಯಾಸ್ ಒಲೆ ಹಚ್ಚಲು ಮಾತ್ರ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು, ಅದೂ ಆನ್‌ಲೈನ್‌ನಲ್ಲಿ ಪುಕ್ಕಟೆ. ಜೆಫ್ರಿ ಪೈನ್ ಮರಗಳ ಕೆಳಗೆ ಜಾಗ ಸಿಕ್ಕಿತು. ಆ ಮರದ ತೊಗಟೆಗೆ ಮೂಗು ಒತ್ತಿದರೆ ವೆನಿಲಾ ಪರಿಮಳ.

ಪರಿಮಳ ಅಲ್ಲಿಗೇ ಮುಗಿಯಿತು. ಮರಗಳ ಹಿಂದೆ ಹೋದರೆ ಎಲ್ಲೆಲ್ಲೂ ಟಾಯ್ಲೆಟ್ ಪೇಪರ್. ಕೆಲವು ಕಡೆ ಅದರ ಮೇಲೆ ಒಂದು ಕಲ್ಲು ಇಟ್ಟಿದ್ದಾರೆ, ಅಷ್ಟೇ ಅವರ ಮರ್ಯಾದೆ. ಬಿಯರ್ ಕ್ಯಾನು, ಅರ್ಧ ಸುಟ್ಟ ಡೈಪರು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, "ಆ ಅಜ್ಜಿ ದಿನಕ್ಕೆ ಎರಡು ಸಲ ಕಕ್ಕಸು ತೊಳೀತಾರೆ. ನಿನ್ನೆ ಕಟ್ಟಿದ ದುಡ್ಡಿಗೆ ಮೋಸ ಇಲ್ಲ," ಅಂದಳು. ಕಾಡು ಎಲ್ಲರದ್ದು, ಗೇಟು ಯಾಕೆ ಅಂತ ವಾದ ಮಾಡುವವನು ನಾನು. ಆ ರಾತ್ರಿ ಸುಮ್ನೆ ಗುಂಡಿ ತೋಡಿದೆ. ಆರು ಇಂಚು ಆಳ.

ಮೂರನೆಯ ದಿನ: ಪಾಸ್ ನಡೆಯಲ್ಲ

ಬೆಳಿಗ್ಗೆ ಒಂದು ಕೆರೆ ದಂಡೆಗೆ ಹೋದೆವು. ಹೆಸರು ಬೇಡ. ಉಪ್ಪಿಟ್ಟು ಡಬ್ಬಿಯಲ್ಲಿತ್ತು, ಮೇಜಿನ ಮೇಲೆ ತಿಂದು, ದಂಡೆಗುಂಟ ಒಂದಿಷ್ಟು ನಡೆದು ಬರೋಣ ಅಂತ. ಗೇಟಿನಲ್ಲಿ ಹುಡುಗನಿಗೆ ಪಾಸ್ ತೋರಿಸಿದೆ.

"ಇದು ಇಲ್ಲಿ ನಡೆಯಲ್ಲ ಸರ್."

"ಇದು ನ್ಯಾಷನಲ್ ಫಾರೆಸ್ಟ್ ತಾನೇ? ಪಾಸಿನ ಮೇಲೆ ಫಾರೆಸ್ಟ್ ಸರ್ವೀಸ್ ಹೆಸರಿದೆಯಲ್ಲ."

"ಹೌದು, ಆದರೆ ಈ ಜಾಗ ನಾವು ನಡೆಸೋದು."

ಹುಡುಗನದ್ದೇನೂ ತಪ್ಪಿಲ್ಲ. ಹತ್ತು ಡಾಲರ್‌ಗೆ ತಕರಾರು ಮಾಡೋದು ನನಗೂ ಇಷ್ಟವಿಲ್ಲ. ದುಡ್ಡು ಕೊಟ್ಟು ಒಳಗೆ ಹೋದೆವು. ಆದರೆ ಉಪ್ಪಿಟ್ಟು ತಿನ್ನುವಾಗ ಮಾವ ಬಿಡಲಿಲ್ಲ, ಪೂರ್ತಿ ಕಾನೂನು ಹೇಳಿಸಿದರು.

ಕಾನೂನು ಹೀಗಿದೆ. 2004ರಲ್ಲಿ ಅಮೆರಿಕದ ಸಂಸತ್ತು ಈ ಫೀಗಳ ಬಗ್ಗೆ ಒಂದು ಕಾಯ್ದೆ ಮಾಡಿತು. ಫಾರೆಸ್ಟ್ ಸರ್ವೀಸ್ ಎಲ್ಲೆಂದರಲ್ಲಿ ಫೀ ಹಾಕುವಂತಿಲ್ಲ. ಬರೀ ಗಾಡಿ ನಿಲ್ಲಿಸಿದ್ದಕ್ಕೆ, ಸೌಲಭ್ಯ ಏನೂ ಬಳಸದೆ ಸುಮ್ಮನೆ ನಡೆದುಹೋಗುವುದಕ್ಕೆ, ರಸ್ತೆ ಪಕ್ಕ ನಿಂತು ನೋಟ ನೋಡಿದ್ದಕ್ಕೆ ದುಡ್ಡು ಕೇಳುವಂತಿಲ್ಲ. ದಿನದ ಫೀ ಹಾಕಬೇಕಾದರೆ ಕಕ್ಕಸು, ಕಸದ ತೊಟ್ಟಿ, ಮೇಜು, ಮಾಹಿತಿ ಫಲಕ ಇತ್ಯಾದಿ ಇರಲೇಬೇಕು. ಅರಿಜೋನಾದ ಮೌಂಟ್ ಲೆಮ್ಮನ್ ಬೆಟ್ಟದಲ್ಲಿ ಇಲಾಖೆ ಇದನ್ನು ಮೀರಿದಾಗ ಕೆಲವು ಚಾರಣಿಗರು ಕೋರ್ಟಿಗೆ ಹೋದರು. 2012ರಲ್ಲಿ ಒಂಬತ್ತನೆಯ ಸರ್ಕ್ಯೂಟ್ ಎಂಬ ಮೇಲ್ಮನವಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಗಾಡಿ ನಿಲ್ಲಿಸಿ ನಡೆದುಹೋಗುವವನ ಹತ್ತಿರ ಫೀ ಕೇಳೋದು ಕಾಯ್ದೆಗೆ ವಿರುದ್ಧ ಅಂತ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಗುತ್ತಿಗೆ ಜಾಗಗಳ ಬಗ್ಗೆಯೂ ಅಂಥದ್ದೇ ಕೇಸು ವಾಷಿಂಗ್ಟನ್ ಡಿ.ಸಿ.ಯ ಕೋರ್ಟಿಗೆ ಹೋಯಿತು. 2014ರಲ್ಲಿ ಅಲ್ಲಿ ಬಂದ ತೀರ್ಪು ಬೇರೆ. ಆ ಕಟ್ಟುಪಾಡು ಸರ್ಕಾರ ತಾನೇ ವಸೂಲಿ ಮಾಡುವ ಫೀಗೆ, ಗುತ್ತಿಗೆದಾರನ ಫೀಗೆ ಅಲ್ಲ. ಅಲ್ಲಿಗೆ ಏನಾಯಿತು? ಸರ್ಕಾರ ಮಾಡಬಾರದು ಅಂತ ಸಂಸತ್ತು ಹೇಳಿದ್ದನ್ನು ಸರ್ಕಾರದ ಜಾಗದಲ್ಲೇ ಗುತ್ತಿಗೆದಾರ ಮಾಡಬಹುದು.

ನನ್ನ ತಕರಾರು ಇರೋದು ಇಲ್ಲೇ. ಕಂಪನಿ ಕಕ್ಕಸು ತೊಳೆದು ಬಾಡಿಗೆ ತಗೊಂಡರೆ ಯಾರಿಗೂ ಹೊಟ್ಟೆ ಉರಿ ಇಲ್ಲ. ಟೆಂಟಿಗೆ ದುಡ್ಡು ಕೊಡೋಣ. ಕೆರೆ ನೋಡಲು, ದಾರಿಯಲ್ಲಿ ನಡೆಯಲು ಯಾಕೆ? ಗೇಟಿನಲ್ಲಿರುವವನ ಅಂಗಿ ಬದಲಾದ ಮಾತ್ರಕ್ಕೆ ಜನರಿಗಿದ್ದ ರಕ್ಷಣೆ ಹೋಗುತ್ತೆ ಅಂದರೆ ಆ ಕಾಯ್ದೆ ಯಾಕೆ ಬೇಕಿತ್ತು?

ಮಾವ ತಣ್ಣಗೆ ಅಂದರು: "ಕೋರ್ಟಿಗೆ ಯಾಕೆ ಹೋಗ್ತೀರಿ? ಟೆಂಡರ್ ಷರತ್ತಿನಲ್ಲಿ 'ಪಾಸ್ ಒಪ್ಪತಕ್ಕದ್ದು' ಅಂತ ಒಂದು ಸಾಲು ಹಾಕಿದ್ರೆ ಮುಗೀತು. ಆಮೇಲೆ ಹಾರಾಡಿ ಏನು ಬಂತು?"

ಬಿಷಪ್ ಊರಿನಲ್ಲಿ ಶಾಟ್ಸ್ ಬೇಕರಿಯ ಬ್ರೆಡ್ಡು ಕಟ್ಟಿಸಿಕೊಂಡು ದಕ್ಷಿಣಕ್ಕೆ ಹೋದೆವು. ಓವೆನ್ಸ್ ಕಣಿವೆಯಲ್ಲಿ ಖಾಸಗಿ ಜಮೀನು ಹುಡುಕಿದರೂ ಸಿಗಲ್ಲ, ಇನ್ಯೋ ಕೌಂಟಿಯಲ್ಲಿ ಅದು ಶೇ. 2ರ ಸುತ್ತಮುತ್ತ. ಬೆಟ್ಟ ಫಾರೆಸ್ಟ್ ಸರ್ವೀಸ್‌ಗೆ, ಕುರುಚಲು ಬಯಲು ಬಿಎಲ್‌ಎಂ ಎಂಬ ಇಲಾಖೆಗೆ, ಹೊಳೆ ಪಕ್ಕದ ಒಳ್ಳೆ ಮಣ್ಣು ಲಾಸ್ ಏಂಜಲೀಸ್ ನಗರದ ನೀರು ಮಂಡಳಿಗೆ. ನೀರಿಗಾಗಿ ನೂರು ವರ್ಷದ ಹಿಂದೆ ರೈತರಿಂದ ಕೊಂಡದ್ದು.

ಮಂಜನಾರ್‌ನಲ್ಲಿ ಎರಡು ತಾಸು ಇದ್ದೆವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ 10,000ಕ್ಕೂ ಹೆಚ್ಚು ಜನರನ್ನು ಮುಳ್ಳುತಂತಿಯೊಳಗೆ ಕೂಡಿಟ್ಟ ಜಾಗ. ಪಾರ್ಕ್ ಸರ್ವೀಸ್ ನೋಡಿಕೊಳ್ಳುತ್ತದೆ, ಪ್ರವೇಶ ಉಚಿತ. ಅಲ್ಲಿ ನಮ್ಮ ಟೆಂಡರ್ ಮಾತು ತಾನಾಗಿಯೇ ನಿಂತಿತು.

ರಾತ್ರಿ ಅಲಬಾಮಾ ಹಿಲ್ಸ್. ಹಂಪಿ ನೋಡಿದವರಿಗೆ ಈ ಗುಂಡುಬಂಡೆಗಳು ಹೊಸದಲ್ಲ, ಹಿಂದೆ ಹಿಮದ ಬೆಟ್ಟ ಇರೋದೊಂದೇ ವ್ಯತ್ಯಾಸ. 1920ರ ದಶಕದಿಂದ ಹಾಲಿವುಡ್‌ನವರು ಇಲ್ಲಿ ಶೂಟಿಂಗ್ ಮಾಡುತ್ತಿದ್ದಾರೆ. 2019ರಲ್ಲಿ ಇದನ್ನು ನ್ಯಾಷನಲ್ ಸೀನಿಕ್ ಏರಿಯಾ ಅಂತ ಘೋಷಿಸಿದರು. ಮುಂಚೆ ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದಿತ್ತು. ಜನ ಮುಗಿಬಿದ್ದರು. ಈಗ ಗುರುತು ಮಾಡಿದ ಜಾಗದಲ್ಲಿ ಮಾತ್ರ, ಪರ್ಮಿಟ್ ಕಡ್ಡಾಯ, ಆದರೆ ಪುಕ್ಕಟೆ. ಗೇಟಿಲ್ಲದೆಯೂ ಜನರನ್ನು ಹತೋಟಿಯಲ್ಲಿ ಇಡಬಹುದು ಅನ್ನೋದಕ್ಕೆ ಇದು ನನಗೆ ಇಷ್ಟವಾದ ಉದಾಹರಣೆ. ಹೆಂಡತಿಗೆ ಅಷ್ಟೇನೂ ಇಷ್ಟವಾಗಲಿಲ್ಲ, ಕಕ್ಕಸು ದೂರ.

ನಾಲ್ಕನೆಯ ದಿನ: ವಿಟ್ನಿ ಪೋರ್ಟಲ್

ಮೌಂಟ್ ವಿಟ್ನಿ 14,505 ಅಡಿ, ಅಲಾಸ್ಕಾ ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರ. ರಸ್ತೆ ಮುಗಿಯೋದು ವಿಟ್ನಿ ಪೋರ್ಟಲ್‌ನಲ್ಲಿ. ಶಿಖರಕ್ಕೆ ಹೋಗಬೇಕಾದರೆ ಲಾಟರಿ. ಫೆಬ್ರವರಿಯಲ್ಲಿ ಅರ್ಜಿ, ಸೀಸನ್‌ನಲ್ಲಿ ದಿನಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರುವವರು 100 ಜನ, ಮೇಲೆ ಉಳಿಯುವವರು 60 ಜನ. ಅರ್ಜಿಗೆ 6 ಡಾಲರ್, ಲಾಟರಿ ಹೊಡೆಯಲಿ ಬಿಡಲಿ ಅದು ವಾಪಸ್ ಬರಲ್ಲ. ಈ ಅರ್ಜಿ, ಕ್ಯಾಂಪ್‌ಗ್ರೌಂಡ್ ಬುಕಿಂಗ್ ಎಲ್ಲಾ ನಡೆಯೋದು ರಿಕ್ರಿಯೇಷನ್.ಗವ್ ಎಂಬ ತಾಣದಲ್ಲಿ. ಹೆಸರಿನಲ್ಲಿ ಸರ್ಕಾರ ಇದ್ದರೂ ನಡೆಸೋದು ಬೂಜ್ ಅಲೆನ್ ಹ್ಯಾಮಿಲ್ಟನ್ ಕಂಪನಿ. ಎಡ್ವರ್ಡ್ ಸ್ನೋಡೆನ್ ರಹಸ್ಯ ಕಡತ ಹೊರಹಾಕಿದಾಗ ಕೆಲಸಕ್ಕಿದ್ದದ್ದು ಇದೇ ಕಂಪನಿಯಲ್ಲಿ. ಬೇಹುಗಾರಿಕೆ ಗುತ್ತಿಗೆಯೂ ಅವರಿಗೇ, ಟೆಂಟ್ ಗುತ್ತಿಗೆಯೂ ಅವರಿಗೇ.

ಮಿತಿ ಬೇಡ ಅಂತ ನಾನು ಹೇಳಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ನೆರೆದ ಜಾತ್ರೆಯ ವಿಡಿಯೋ ನೋಡಿದವರು ಯಾರೂ ಹೇಳಲಾರರು. ಅಲ್ಲೂ ಈಗ ಆನ್‌ಲೈನ್ ಟಿಕೆಟ್. ಆದರೆ ಮಿತಿ ಹಾಕುವುದಕ್ಕೂ ಸಾಲು ನಿಲ್ಲಿಸಿ ಕಾಸು ಮಾಡುವುದಕ್ಕೂ ವ್ಯತ್ಯಾಸ ಇದೆಯಲ್ಲ.

ಲೋನ್ ಪೈನ್ ಲೇಕ್‌ವರೆಗೆ ಪರ್ಮಿಟ್ ಬೇಡ. ಮೂರು ಮೈಲಿಗೂ ಕಮ್ಮಿ, ಏರು ಜಾಸ್ತಿ. ನಾವಿಬ್ಬರು ಹತ್ತಿದೆವು. ಮಾವ ಕೆಳಗೆ ಜಲಪಾತದ ಪಕ್ಕ ಪ್ರಜಾವಾಣಿ ಓದುತ್ತಾ ಉಳಿದರು, ಫೋನಿನಲ್ಲಿ ಮುಂಚೆಯೇ ಇಳಿಸಿಕೊಂಡಿದ್ದರು. ವಾಪಸ್ ಬಂದಾಗ ಅವರು ಅಲ್ಲಿಲ್ಲ. ಪೋರ್ಟಲ್‌ನ ಅಂಗಡಿಯಲ್ಲಿ ಪರಾತದಷ್ಟು ದೊಡ್ಡ ಪ್ಯಾನ್‌ಕೇಕ್ ಮುಂದಿಟ್ಟುಕೊಂಡು ಕೂತಿದ್ದರು. ಇದೂ ಸರ್ಕಾರಿ ಕಾಡಿನಲ್ಲಿರುವ ಖಾಸಗಿ ಅಂಗಡಿಯೇ. ಪಾರ್ಕಿಂಗ್‌ಗೆ ದುಡ್ಡಿಲ್ಲ, ದಾರಿಗೆ ಗೇಟಿಲ್ಲ, ಹಸಿದವನು ಮಾತ್ರ ಕಾಸು ಬಿಚ್ಚಬೇಕು. "ಇದು ಸರಿ ಇದೆ," ಅಂದರು ಮಾವ. ಪ್ಯಾನ್‌ಕೇಕ್ ಬಗ್ಗೆಯೋ ವ್ಯವಸ್ಥೆ ಬಗ್ಗೆಯೋ ಗೊತ್ತಾಗಲಿಲ್ಲ.

ಆ ರಾತ್ರಿ ಲೋನ್ ಪೈನ್ ಊರಿನ ಮೋಟೆಲ್. ಬಿಸಿನೀರಿನ ಸ್ನಾನಕ್ಕೆ ಎಲ್ಲರೂ ಸಾಲು ಹಚ್ಚಿದೆವು.

ಐದನೆಯ ದಿನ: ವಾಪಸ್

ಬಂದ ದಾರಿಯಲ್ಲೇ ಉತ್ತರಕ್ಕೆ. ಲೀ ವೈನಿಂಗ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಮಾವ ನನ್ನ ಕೈಗೆ ಫೋನ್ ಕೊಟ್ಟು ರೇಂಜರ್ ಆಫೀಸಿಗೆ ಇಮೇಲ್ ಬರೆಸಿದರು. ದೂರು ಬೇಡ, ಮೂರೇ ಪ್ರಶ್ನೆ ಅಂದರು. ಆ ಕೆರೆಯ ಗುತ್ತಿಗೆ ಯಾವಾಗ ಮುಗಿಯುತ್ತದೆ? ಪಾಸ್ ಒಪ್ಪಬೇಕು ಅಂತ ಷರತ್ತು ಇದೆಯಾ? ಇಲ್ಲದಿದ್ದರೆ ಮುಂದಿನ ಟೆಂಡರ್‌ನಲ್ಲಿ ಸೇರಿಸಲು ಸಾರ್ವಜನಿಕರು ಯಾರಿಗೆ ಬರೆಯಬೇಕು?

ಉತ್ತರ ಬರಲು ಕೆಲವು ವಾರ ಹಿಡಿಯಿತು. ಮಾವ ಅಷ್ಟರಲ್ಲಿ ಶಿವಮೊಗ್ಗ ಸೇರಿದ್ದರು. ಬಹಳ ಮರ್ಯಾದೆಯ ಉತ್ತರ: ಷರತ್ತು ಇಲ್ಲ, ಗುತ್ತಿಗೆಗೆ ಇನ್ನೂ ಅವಧಿ ಇದೆ, ಹೊಸ ಟೆಂಡರ್ ತಯಾರಿಸುವಾಗ ನಿಮ್ಮ ಸಲಹೆ ಗಮನಕ್ಕೆ ತರುತ್ತೇವೆ. ಮಾವನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು. "ಇಂಥ ಉತ್ತರ ನಾನೇ ಎಷ್ಟು ಬರೆದಿದ್ದೀನಿ ಅಳಿಯಂದ್ರೆ. ಮುಗಿಯೋ ತಾರೀಖು ಹೇಳಿಲ್ಲ ನೋಡಿ. ಇನ್ನೊಂದು ಬರೀರಿ."

ಬರೆದಿದ್ದೇನೆ.